ಓರೆ ಅಕ್ಷರ ಕೊರೆದವನು ಯಾರು?

ಮಕ್ಕಳೇ, ಇಂಗ್ಲಿಷ್ ಪುಸ್ತಕಗಳಲ್ಲಿ ಕೆಲವು ಪದಗಳು ಮಾತ್ರ ಬಲಕ್ಕೆ ವಾಲಿಕೊಂಡಿರುತ್ತವೆ, ನೋಡಿದ್ದೀರಾ? ಅವೇ ಇಟಾಲಿಕ್ ಅಕ್ಷರಗಳು. ಹೆಸರೇ ಹೇಳುವಂತೆ ಅವುಗಳ ತವರು ಇಟಲಿ.

ನೆಟ್ಟಗಿನ ಅಕ್ಷರವನ್ನು ಸುಮ್ಮನೆ ವಾಲಿಸಿದರೆ ಇಟಾಲಿಕ್ ಆಗುವುದಿಲ್ಲ. ಸಣ್ಣ ‘ಎ’ ನೋಡಿ. ನೆಟ್ಟಗಿರುವಾಗ ಅದರ ತಲೆಯ ಮೇಲೊಂದು ಕೊಕ್ಕೆ. ಓರೆಯಾದಾಗ ಕೊಕ್ಕೆ ಮಾಯ. ನೀವು ನೋಟ್‌ಬುಕ್ಕಿನಲ್ಲಿ ಬರೆಯುವ ‘ಎ’ಯ ಹಾಗೆಯೇ ಕಾಣುತ್ತದೆ! ಅಕ್ಷರದ ತುದಿಯ ಪುಟ್ಟ ಗೆರೆಗೆ ಸೆರಿಫ್ ಎನ್ನುತ್ತಾರೆ. ಇಲ್ಲಿ ಅದೂ ಲೇಖನಿ ಕಾಗದ ಮುಟ್ಟಿ ಎದ್ದ ಗುರುತಿನಂತಿರುತ್ತದೆ. ಏಕೆಂದರೆ ಈ ಅಚ್ಚು ಹುಟ್ಟಿದ್ದೇ ಕೈಬರಹದಿಂದ.

1501ರಲ್ಲಿ ವೆನಿಸ್ಸಿನ ಮುದ್ರಕ ಆಲ್ಡಸ್ ಮನುಟಿಯಸ್, ರೋಮನ್ ಕವಿ ವರ್ಜಿಲನ ಕಾವ್ಯಗಳನ್ನು ಕೈಯಲ್ಲಿ ಹಿಡಿದು ಓದುವಂಥ ಚಿಕ್ಕ ಪುಸ್ತಕವಾಗಿ ತಂದ. ಪುಸ್ತಕದ ತುಂಬ ಓರೆ ಅಕ್ಷರ. ದೊಡ್ಡಕ್ಷರಗಳು ಮಾತ್ರ ನೆಟ್ಟಗೆ ನಿಂತಿದ್ದವು. ವಿದ್ವಾಂಸರು ಬೇಗಬೇಗ ಬರೆಯುತ್ತಿದ್ದ ಬರಹದ ಮಾದರಿಯಲ್ಲಿ ಆ ಅಚ್ಚುಮೊಳೆ ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಆಲ್ಡಸ್ ಅದೇ ಪುಸ್ತಕದಲ್ಲಿ ಅವನನ್ನು ಹೊಗಳಿದ್ದ. ಆದರೆ ಮರುವರ್ಷ ವೆನಿಸ್ ಸರ್ಕಾರ ಆ ಅಕ್ಷರದ ಹಕ್ಕು ಕೊಟ್ಟದ್ದು ಆಲ್ಡಸನಿಗೆ. ಗ್ರಿಫೊ ಊರು ಬಿಟ್ಟ. ಫಾನೊ ಪಟ್ಟಣದಲ್ಲಿ ಸೊನ್ಚಿನೊ ಎಂಬ ಮುದ್ರಕನಿಗೆ ಹೊಸ ಓರೆ ಅಕ್ಷರ ಕೊರೆದುಕೊಟ್ಟ. 1503ರಲ್ಲಿ ಸೊನ್ಚಿನೊ, ಇದನ್ನು ಕಂಡುಹಿಡಿದವನು ಆಲ್ಡಸ್ ಅಲ್ಲ, ಗ್ರಿಫೊ ಎಂದು ಅಚ್ಚು ಹಾಕಿಯೇ ಹೇಳಿದ. ನನಗಂತೂ ಈ ಸೊನ್ಚಿನೊ ತುಂಬ ಇಷ್ಟ.

ಈಗ ಇಡೀ ಪುಸ್ತಕ ಓರೆಯಲ್ಲಿ ಬರುವುದು ಅಪರೂಪ, ಕಣ್ಣಿಗೆ ಆಯಾಸ. ಪುಸ್ತಕದ ಹೆಸರು, ಒತ್ತಿ ಹೇಳುವ ಮಾತು, ಆಮಂತ್ರಣ ಇವಕ್ಕೆ ಚೆನ್ನ. ಮನೆಯಲ್ಲಿ ಇಂಗ್ಲಿಷಿನ ಲಗ್ನಪತ್ರಿಕೆ ಇದ್ದರೆ ತೆಗೆದು ನೋಡಿ. ಸಣ್ಣ ‘ಎ’ಗೆ ಕೊಕ್ಕೆ ಇದೆಯೇ?