ತಲೆಸುತ್ತು: ಎಲ್ಲ ತಪ್ಪೂ ಕತ್ತಿನದಲ್ಲ

ತಲೆಸುತ್ತು ರೋಗವಲ್ಲ, ರೋಗದ ಲಕ್ಷಣ. ಆದರೆ ಹಲಸೂರಿನಿಂದ ಕೆ.ಆರ್. ಪುರದವರೆಗೆ ಯಾವ ಮನೆಯಲ್ಲಿ ಕೇಳಿದರೂ ಇದಕ್ಕೆ ಸಿದ್ಧ ಉತ್ತರಗಳಿವೆ: ಪಿತ್ತ, ಬಿ.ಪಿ., ರಕ್ತ ಕಡಿಮೆ. ಜೊತೆಗೆ ಕತ್ತೂ ಹಿಡಿದುಕೊಂಡಿದ್ದರೆ ಎಕ್ಸ್‌ರೇ ತೆಗೆಸಿ, ‘ಸ್ಪಾಂಡಿಲೋಸಿಸ್’ ಎಂದು ಹೇಳಿ, ಕಾಲರ್ ತೊಡಿಸಿ ಕಳಿಸುವುದುಂಟು. ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ಸುತ್ತು ನಿಲ್ಲದಿದ್ದರೆ ‘ಎಲ್ಲ ನಿಮ್ಮ ಭ್ರಮೆ’ ಎಂಬ ಮಾತು ಬೇರೆ. ಇದು ರೋಗಿಗೆ ಮಾಡುವ ಅನ್ಯಾಯ.

ಐವತ್ತು ದಾಟಿದ ಹೆಚ್ಚಿನವರ ಕತ್ತಿನ ಎಕ್ಸ್‌ರೇಯಲ್ಲಿ ಸವೆತ ಕಂಡೇ ಕಾಣುತ್ತದೆ. ತಲೆಸುತ್ತು ಇಲ್ಲದವರಲ್ಲೂ ಕಾಣುತ್ತದೆ. ಅನೇಕ ವೇಳೆ ಕತ್ತಿನ ಬಿಗಿತ ತಲೆಸುತ್ತಿನ ಕಾರಣವಲ್ಲ, ಫಲ. ಎಲ್ಲಿ ಸುತ್ತು ಬಂದೀತೋ ಎಂಬ ಭಯದಿಂದ ತಲೆ ಅಲುಗಿಸದೆ ಇದ್ದರೆ ಸ್ನಾಯುಗಳು ಬಿಗಿಯದೆ ಇನ್ನೇನು?

ಕಾರಣ ಹಲವು ಬಾರಿ ಒಳಕಿವಿಯಲ್ಲಿರುತ್ತದೆ. ಅಲ್ಲಿನ ಸೂಕ್ಷ್ಮ ಸುಣ್ಣದ ಹರಳುಗಳು ಸ್ಥಾನ ತಪ್ಪಿದರೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಅಟ್ಟದತ್ತ ಕತ್ತೆತ್ತಿದಾಗ ಕೋಣೆಯೇ ಗಿರ್ರನೆ ತಿರುಗಿ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ. ತಲೆಯನ್ನು ಪಕ್ಕಕ್ಕೆ ತಿರುಗಿಸಿ, ಮಲಗಿಸಿ, ಕಣ್ಣಿನ ಚಲನೆ ನೋಡಿ ಇದನ್ನು ಪತ್ತೆಹಚ್ಚುವ ಕ್ರಮವನ್ನು ಡಿಕ್ಸ್ ಮತ್ತು ಹಾಲ್‌ಪೈಕ್ 1952ರಲ್ಲೇ ವಿವರಿಸಿದರು. ಹರಳುಗಳನ್ನು ಮರಳಿ ಕೂರಿಸುವ ಕ್ರಮವನ್ನು ಅಮೆರಿಕದ ಡಾ. ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದರು. ಎರಡೂ ಕೆಲವೇ ನಿಮಿಷಗಳ ಕೆಲಸ, ಯಂತ್ರ ಬೇಕಿಲ್ಲ.

ಇನ್ನು ಕೆಲವರಿಗೆ ಗಿರಕಿಯಿಲ್ಲ. ದಿನವಿಡೀ ದೋಣಿಯಲ್ಲಿ ನಿಂತಂತೆ ಓಲಾಟ. ರಸೆಲ್ ಮಾರುಕಟ್ಟೆಯಂಥ ಜನಜಂಗುಳಿಯಲ್ಲಿ ಅದು ಹೆಚ್ಚುತ್ತದೆ. ಮೂರು ತಿಂಗಳಿಗೂ ಮೀರಿ ಕಾಡುವ ಇಂಥ ತೊಂದರೆಯ ಲಕ್ಷಣಗಳನ್ನು ಅಂತರರಾಷ್ಟ್ರೀಯ ತಜ್ಞರು 2017ರಲ್ಲಿ ನಿಗದಿಪಡಿಸಿದ್ದಾರೆ. ಇದು ಸೋಗಲ್ಲ. ಮೈಗ್ರೇನ್ ಕೂಡ ತಲೆಸುತ್ತಾಗಿ ಬರಬಹುದು. ಇವರಿಗೆ ಸಮತೋಲನದ ವ್ಯಾಯಾಮ, ದಿನನಿತ್ಯದ ನಡಿಗೆ, ಮನೆಯವರ ನಂಬಿಕೆ ಬೇಕು. ಸುತ್ತು ತಡೆಯುವ ಕೆಲವು ಮಾತ್ರೆಗಳನ್ನು ಬಹುಕಾಲ ನುಂಗಿದರೆ ಮೆದುಳು ತಾನಾಗಿ ಹೊಂದಿಕೊಳ್ಳುವುದೇ ತಡವಾಗುತ್ತದೆ.

ಆದ್ದರಿಂದ ಎಕ್ಸ್‌ರೇಗೆ ಮೊದಲು ಪರೀಕ್ಷೆ ನಡೆಯಲಿ. ಶಿವಾಜಿನಗರದ ಬೌರಿಂಗ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲೂ ಕಿವಿ-ಮೂಗು-ಗಂಟಲು ವಿಭಾಗವಿದೆ. ಸುತ್ತು ಯಾವಾಗ, ಎಷ್ಟು ಹೊತ್ತು, ಏನು ಮಾಡುವಾಗ ಬರುತ್ತದೆಂದು ಬರೆದುಕೊಂಡು ಹೋಗಿ. ‘ಮಲಗಿಸಿ ಪರೀಕ್ಷಿಸುವಿರಾ ಡಾಕ್ಟರೇ?’ ಎಂದು ಕೇಳಲು ಸಂಕೋಚ ಬೇಡ.

ಕತ್ತು ಪೂರ್ತಿ ನಿರಪರಾಧಿಯೆಂದಲ್ಲ. ನಡಿಗೆ ತಡವರಿಸಿ, ಅಂಗಿಯ ಗುಂಡಿ ಹಾಕಲು ಬೆರಳು ಬಾರದಾದರೆ ಕತ್ತಿನಲ್ಲಿ ಬೆನ್ನುಹುರಿ ಒತ್ತಿರಬಹುದು. ನರರೋಗ ತಜ್ಞರನ್ನು ಬೇಗ ಕಾಣಿ. ತಲೆಸುತ್ತಿನೊಡನೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಎರಡೆರಡು ಕಂಡರೆ, ಇಲ್ಲವೇ ಜ್ವರದೊಡನೆ ಕತ್ತು ಸೆಟೆದರೆ ಒಂದು ಗಳಿಗೆಯೂ ತಡಮಾಡದೆ 108ಕ್ಕೆ ಕರೆ ಮಾಡಿ.