ಐಸಿಸ್ ಬಾಂಬಿನಲ್ಲಿ ಭಾರತದ ಡಿಟೋನೇಟರ್: ನಡೆದದ್ದು ಏನು?

"ಐಸಿಸ್ ಬಾಂಬುಗಳಲ್ಲಿ ಭಾರತದ ಮಾಲು ಸಿಕ್ಕಿದೆ, ನಮ್ಮವರೇ ಉಗ್ರರಿಗೆ ಮಾರುತ್ತಿದ್ದಾರೆ." ಇಂಥ ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ಮೊದಲರ್ಧ ನಿಜ. ಎರಡನೆಯರ್ಧಕ್ಕೆ ಆಧಾರವಿಲ್ಲ.

ಆ ಮಾಲು ಬಂದೂಕೂ ಅಲ್ಲ, ತೋಪಿನ ಗುಂಡೂ ಅಲ್ಲ. ಸವದತ್ತಿ, ರಾಮದುರ್ಗದ ಕಲ್ಲಿನ ಸೀಮೆಯವರಿಗೆ ಅದರ ಪರಿಚಯವಿದೆ. ಬೈಲಹೊಂಗಲ, ಕಿತ್ತೂರು ಕಡೆ ಬಾವಿ ತೋಡುವಾಗ ಬಂಡೆ ಅಡ್ಡ ಬಂದವರಿಗೂ ಗೊತ್ತು. ಬಂಡೆಗೆ ತೂತು ಕೊರೆದು, ಜಿಲೆಟಿನ್ ಕಡ್ಡಿ ಇಟ್ಟು, ಅದನ್ನು ಸಿಡಿಸಲು ಪೆನ್ಸಿಲ್‌ನಷ್ಟು ಸಣ್ಣ ಡಿಟೋನೇಟರ್ ಜೋಡಿಸುತ್ತಾರೆ. ಕ್ವಾರಿಗೆ ಅದು ಉಪಕರಣ. ಬಾಂಬ್ ಕಟ್ಟುವವನಿಗೆ ಅದೇ ಜೀವಾಳ.

2016ರ ಫೆಬ್ರವರಿಯಲ್ಲಿ 'ಕಾನ್‌ಫ್ಲಿಕ್ಟ್ ಆರ್ಮಮೆಂಟ್ ರಿಸರ್ಚ್' ಎಂಬ ಬ್ರಿಟನ್ನಿನ ಸಂಸ್ಥೆ ಒಂದು ವರದಿ ಪ್ರಕಟಿಸಿತು. ಇರಾಕ್ ಮತ್ತು ಸಿರಿಯಾದಲ್ಲಿ ಸಿಕ್ಕ 700ಕ್ಕೂ ಹೆಚ್ಚು ಬಿಡಿಭಾಗಗಳ ಮೂಲ ಹುಡುಕಿದಾಗ 20 ದೇಶಗಳ 51 ಕಂಪನಿಗಳ ಹೆಸರು ಬಂತು. ಅವುಗಳಲ್ಲಿ 7 ಭಾರತದವು. ಸಿಕ್ಕ ಡಿಟೋನೇಟರ್, ಸೇಫ್ಟಿ ಫ್ಯೂಸ್‌ಗಳಲ್ಲಿ ಹೆಚ್ಚಿನವು ಇವುಗಳದ್ದೇ. ಆದರೆ ಎಲ್ಲವೂ ಸರ್ಕಾರದ ಪರವಾನಗಿ ಪಡೆದು, ಲೆಬನಾನ್ ಮತ್ತು ಟರ್ಕಿಯ ವ್ಯಾಪಾರಿಗಳಿಗೆ ಕಾನೂನುಬದ್ಧವಾಗಿ ಹೋಗಿದ್ದವು. ಕಂಪನಿಗಳು ನೇರವಾಗಿ ಐಸಿಸ್‌ಗೆ ಮಾರಿದ್ದಕ್ಕೆ ಸಾಕ್ಷ್ಯ ಸಿಗಲಿಲ್ಲ.

ಹಾಗಾದರೆ ಕೈತಪ್ಪಿದ್ದು ಎಲ್ಲಿ? ಪರವಾನಗಿ ನೋಡುವುದು ಮೊದಲ ಖರೀದಿದಾರನನ್ನು. ಅವನ ಗೋದಾಮಿನಿಂದ ಎರಡನೆಯವನಿಗೆ, ಅಲ್ಲಿಂದ ಮೂರನೆಯವನಿಗೆ ಪೆಟ್ಟಿಗೆ ಹೋದರೆ ಕಳುಹಿಸಿದ ದೇಶಕ್ಕೆ ಸುಳಿವೂ ಇರುವುದಿಲ್ಲ. ಟರ್ಕಿಯ ಗಡಿಯಾಚೆಯೇ ಯುದ್ಧ ನಡೆದಿತ್ತು ಎಂಬುದನ್ನು ನೆನಪಿಡಿ. ಫಿರಂಗಿ, ಗುಂಡುಗಳ ರಫ್ತಿಗೆ ಮಾಲು ಕೊನೆಗೆ ಬಳಸುವವರು ಯಾರು ಎಂಬ ಪ್ರಮಾಣಪತ್ರ ಕೇಳುತ್ತಾರೆ. ಅದೂ ಒಂದು ಮಾತು ಕೊಟ್ಟಂತೆಯೇ. ಮುಂದೆ ಹೋಗಿ ಎಣಿಸಿ ನೋಡುವವರು ಇಲ್ಲದಿದ್ದರೆ ಅದು ಬರೀ ಕಾಗದ.

ನಮ್ಮ ರಾಜ್ಯದೊಳಗೇ ಇದು ಎಷ್ಟು ಕಷ್ಟ ನೋಡಿ. ಸ್ಫೋಟಕಗಳ ನಿಯಮ, 2008ರ ಪ್ರಕಾರ ಖರೀದಿ, ಬಳಕೆ, ಉಳಿಕೆ ಎಲ್ಲಕ್ಕೂ ಲೆಕ್ಕ ಇಡಬೇಕು. ಆದರೂ 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು ಬಳಿ ಸ್ಫೋಟಕ ತಂದಿದ್ದ ಲಾರಿ ಸಿಡಿಯಿತು. ಮರುತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ, ಅಕ್ರಮವಾಗಿ ಇಟ್ಟಿದ್ದ ಜಿಲೆಟಿನ್ ಸಾಗಿಸಿ ನಾಶಮಾಡಲು ಹೋಗಿ 6 ಜನ ಸತ್ತರು. ಇಲ್ಲಿ ಪೊಲೀಸರು ಬಂದು ಎಣಿಸಬಹುದು, ಪರದೇಶದ ಅಂಗಡಿಯಲ್ಲಿ ಎಣಿಸುವವರು ಯಾರು?

ಇನ್ನೊಂದು ಫಾರ್ವರ್ಡ್ "ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಅದಕ್ಕೇ ಹೀಗೆ" ಎನ್ನುತ್ತದೆ. 2013ರಲ್ಲಿ ವಿಶ್ವಸಂಸ್ಥೆಯಲ್ಲಿ ಭಾರತ ಮತದಾನದಿಂದ ದೂರ ಉಳಿದದ್ದು ಹೌದು. ಆದರೆ 2017ರಲ್ಲಿ ರಫ್ತು ನಿಯಂತ್ರಣದ ವಾಸೆನಾರ್ ಕೂಟ ಸೇರಿದೆ. ಅದಿರಲಿ, ಆ ಒಪ್ಪಂದದ ಪಟ್ಟಿಯಲ್ಲಿ ಟ್ಯಾಂಕ್‌ನಿಂದ ಪಿಸ್ತೂಲಿನವರೆಗೆ ಎಲ್ಲವೂ ಇದೆ, ಕ್ವಾರಿಯ ಡಿಟೋನೇಟರ್ ಇಲ್ಲ. ಸಹಿ ಹಾಕಿದ್ದರೂ ಈ ಪೆಟ್ಟಿಗೆಗಳು ನಿಲ್ಲುತ್ತಿರಲಿಲ್ಲ. ನಮಗೆ ಕಾಣುವ ದೊಡ್ಡ ತೂತು ಇದೇ.

ಹೊಲದಲ್ಲೋ ಕ್ವಾರಿ ಅಂಚಿನಲ್ಲೋ ಸಿಡಿಯದ ಡಿಟೋನೇಟರ್ ಕಂಡರೆ ಮುಟ್ಟಬೇಡಿ, ಮಕ್ಕಳನ್ನು ದೂರವಿಡಿ, 112ಕ್ಕೆ ಕರೆ ಮಾಡಿ.