ಸಭೆಯಲ್ಲಿಲ್ಲದವರಿಗೆ ಸನ್ಮಾನ

ಆಸ್ಥಾನ ನೆರೆದಿದೆ. ರಾಜ-ರಾಣಿಯರು ಸಿಂಹಾಸನದಲ್ಲಿ ಆಸೀನರಾಗಿದ್ದಾರೆ. ಉದ್ಘೋಷಕ ಗಟ್ಟಿದನಿಯಲ್ಲಿ ಒಂದು ಹೆಸರನ್ನು ಕರೆಯುತ್ತಾನೆ. ಯಾರೂ ಎದ್ದು ಬರುವುದಿಲ್ಲ. 'ಅವರು ಬಂದಿಲ್ಲ' ಎಂದು ಹಿಂದಿನ ಸಾಲಿನಿಂದ ಯಾರೋ ಹೇಳುತ್ತಾರೆ. ಆದರೂ ಗೌರವದ ಘೋಷಣೆಯಾಗುತ್ತದೆ, ಜಯಕಾರ ಮೊಳಗುತ್ತದೆ, ಮುಂದಿನ ಹೆಸರು ಬರುತ್ತದೆ. ಇದು ಹದಿನಾಲ್ಕನೆಯ ಶತಮಾನದ ಯುರೋಪಲ್ಲ, ಇಂದಿನ ಅಮೆರಿಕದ ಒಂದು ಬಾಡಿಗೆ ಸಭಾಂಗಣ.

1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ, ಮನೆಯೊಂದರ ಹಿತ್ತಲಿನಲ್ಲಿ ಗೆಳೆಯರು ನಡೆಸಿದ ಪಂದ್ಯಾಟದಿಂದ ಹುಟ್ಟಿಕೊಂಡ ಸಂಸ್ಥೆ 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ'. ಹದಿನೇಳನೆಯ ಶತಮಾನಕ್ಕೂ ಹಿಂದಿನ ಉಡುಗೆ, ಅಡುಗೆ, ಕಾಳಗ, ಕುಸುರಿಗಳನ್ನು ಮರುರೂಪಿಸುವುದು ಇದರ ಸದಸ್ಯರ ಹವ್ಯಾಸ. ಇಂದು ಇದು ಇಪ್ಪತ್ತು 'ರಾಜ್ಯ'ಗಳಾಗಿ ಹರಡಿದೆ. ಬೆತ್ತದ ಆಯುಧಗಳಿಂದ ಕಾದಾಡಿ ಗೆದ್ದವರು ಪಟ್ಟವೇರುತ್ತಾರೆ. ಬಹುತೇಕ ಕಡೆ ಆಳ್ವಿಕೆ ಆರೇ ತಿಂಗಳು. ವಯಸ್ಕರ ಮಕ್ಕಳಾಟವೆಂದು ನಗುವವರು ನಗಬಹುದು. ಆದರೆ ಅಲ್ಲಿನ ಪ್ರಶಸ್ತಿ ಪದ್ಧತಿ ನಗುವಂಥದ್ದಲ್ಲ.

ಅಲ್ಲಿ ಯಾರೂ ತಮಗಾಗಿ ಅರ್ಜಿ ಗುಜರಾಯಿಸುವುದಿಲ್ಲ. ಒಬ್ಬರ ದುಡಿಮೆಯನ್ನು ಕಂಡ ಇನ್ನೊಬ್ಬರು ಅರಸರಿಗೆ ಪತ್ರ ಬರೆಯುತ್ತಾರೆ. ರಾಜ್ಯೋತ್ಸವದ ಹೊತ್ತಿಗೆ ಲಾಬಿಯ ಮಾತು ಕೇಳಿ ಬೇಸತ್ತ ನಮಗೆ ಇದು ಅಚ್ಚರಿಯೆನಿಸೀತು. ಪ್ರಶಸ್ತಿ ಬರುತ್ತಿದೆಯೆಂಬುದು ಪಡೆಯುವವರಿಗೆ ಸಾಮಾನ್ಯವಾಗಿ ಮೊದಲೇ ತಿಳಿಯುವುದೂ ಇಲ್ಲ. ಆ ಗುಟ್ಟಿನಲ್ಲಿ ಸೊಗಸಿದೆ, ನಿಜ. ಆದರೆ ಗೈರುಹಾಜರಿಯ ಮೂಲವೂ ಅದೇ. ಗೊತ್ತಿಲ್ಲದವರು ಬರುವುದಾದರೂ ಹೇಗೆ? ದೂರವೂ ಅಡ್ಡಿ. 'ಲೊಖಾಕ್' ಎಂಬ ರಾಜ್ಯವೊಂದೇ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳೆರಡನ್ನೂ ಒಳಗೊಂಡಿದೆ. ನಡುವೆ ಇರುವುದು ಸಮುದ್ರ.

ಗೈರಿನಲ್ಲಿ ನೀಡುವುದನ್ನು ಸಮರ್ಥಿಸುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಪ್ರಶಸ್ತಿ ಘೋಷಣೆಯಾದ ದಿನದಿಂದಲೇ ಹಿರಿತನದ ಲೆಕ್ಕ. ಬರಲಾಗದ ವೃದ್ಧರು, ರೋಗಿಗಳು ದೂರದಲ್ಲಿರುವ ತಪ್ಪಿಗೆ ಹಿಂದುಳಿಯಬೇಕೇ? ಒಪ್ಪೋಣ. ಆದರೆ ಪಟ್ಟದಿಂದ ಇಳಿಯುವ ಮುನ್ನ ಬಾಕಿ ಪಟ್ಟಿಯನ್ನು ಮುಗಿಸುವ ಆತುರದಲ್ಲಿ ಹೆಸರುಗಳನ್ನು ಓದಿಬಿಡುವುದು ಬೇರೆಯೇ ಸಂಗತಿ. ಅದು ಸನ್ಮಾನವಲ್ಲ, ಕಡತ ವಿಲೇವಾರಿ.

ಇನ್ನೊಂದು ತಾರತಮ್ಯವೂ ಇದೆ. ಮಧ್ಯಯುಗದವರು ತನ್ನ ಎದೆಯ ರಕ್ತದಿಂದ ಮರಿಗಳನ್ನು ಪೊರೆಯುತ್ತದೆಂದು ನಂಬಿದ್ದ ಪೆಲಿಕನ್ ಹಕ್ಕಿಯ ಹೆಸರಿನಲ್ಲಿ ಸೇವೆಗೆ ಅತ್ಯುನ್ನತ ಪದವಿಯೊಂದು ಅಲ್ಲುಂಟು. ಅಂಥ ಪದವಿಗೆ ಸಾಮಾನ್ಯವಾಗಿ ಮೊದಲೇ ದಿನ ಗೊತ್ತುಮಾಡಿ, ಸ್ನೇಹಿತರನ್ನೆಲ್ಲ ಕರೆದು ಸಮಾರಂಭ ನಡೆಸಲಾಗುತ್ತದೆ. ಯಾರೂ ಇಲ್ಲದ ಕಡೆ ಹೆಸರು ಓದಿಸಿಕೊಳ್ಳುವುದು ಹೆಚ್ಚಾಗಿ ಮೊದಲ ಮೆಟ್ಟಿಲಿನ 'ಅವಾರ್ಡ್ ಆಫ್ ಆರ್ಮ್ಸ್' ಪಡೆಯುವ ಹೊಸಬರು. ತನ್ನನ್ನು ಯಾರಾದರೂ ಗಮನಿಸಿದ್ದಾರೆಯೇ ಎಂಬ ಅಳುಕಿರುವುದು ಅವರಿಗೇ. ಅವರಲ್ಲಿ ಕೆಲವರು ಊರಲ್ಲೇ ಇರುತ್ತಾರೆ, ಅದೇ ಕಟ್ಟಡದಲ್ಲೇ ಇರುತ್ತಾರೆ: ಆಸ್ಥಾನ ನಡೆಯುವಾಗ ರಾತ್ರಿಯ ಔತಣಕ್ಕೆ ಒಲೆಯ ಮುಂದೆ ನಿಂತಿರುತ್ತಾರೆ. ಯಾವ ಸೇವೆಗಾಗಿ ಅವರನ್ನು ಕರೆಯಲಾಯಿತೋ ಆ ಸೇವೆಯೇ ಅವರನ್ನು ಸಭೆಯಿಂದ ದೂರವಿಟ್ಟಿರುತ್ತದೆ.

ಗೈರುಹಾಜರಿ ಯಾವಾಗಲೂ ಅರ್ಥಹೀನವಲ್ಲ. 2010ರಲ್ಲಿ ಓಸ್ಲೋದಲ್ಲಿ, ಚೀನಾದ ಸೆರೆಯಲ್ಲಿದ್ದ ಲಿಯು ಶಿಯಾವೊಬೊ ಅವರ ನೊಬೆಲ್ ಶಾಂತಿ ಪದಕವನ್ನು ಖಾಲಿ ಕುರ್ಚಿಯ ಮೇಲಿರಿಸಿದರು. ಬಾರದವರ ಜಾಗವನ್ನು ಅಲ್ಲಿ ಎಲ್ಲರ ಕಣ್ಣಿಗೂ ಕಾಣುವಂತೆ ಉಳಿಸಲಾಗಿತ್ತು. ಹವ್ಯಾಸಿಗಳ ಆಸ್ಥಾನದಲ್ಲಿ ಸೆರೆಮನೆಯ ಮಾತಿಲ್ಲ. ಹಾಗಿರುವಾಗ ಒಂದಿಷ್ಟು ತಾಳ್ಮೆ ಸಾಲದೇ? ಆಪ್ತರೊಬ್ಬರಿಗೆ ಗುಟ್ಟಾಗಿ ತಿಳಿಸಿದರೆ ಅವರೇ ಏನಾದರೂ ನೆವ ಹೇಳಿ ಕರೆತಂದಾರು. ಬರಲಾಗದವರ ಸನ್ಮಾನಪತ್ರವನ್ನು ಅವರ ಊರಿನ ಕೂಟದಲ್ಲಿ ಮತ್ತೊಮ್ಮೆ ಓದಿಸಬಹುದು. ಸ್ವಯಂಸೇವಕ ಕಲಾವಿದರು ವಾರಗಟ್ಟಲೆ ಕುಳಿತು ಬಣ್ಣ ತುಂಬಿ ಬರೆಯುವ ಪತ್ರ ಅದು. ಲಕೋಟೆಯಲ್ಲಿ ತಲುಪಿದರೆ ಆ ಶ್ರಮಕ್ಕೂ ಅವಮಾನ.

2020ರಲ್ಲಿ ಕೊರೊನಾದಿಂದ ಕೂಟಗಳೆಲ್ಲ ನಿಂತಾಗ ಹಲವು ಆಸ್ಥಾನಗಳು ಅಂತರ್ಜಾಲದಲ್ಲೇ ನಡೆದವು. ಒಂದರ್ಥದಲ್ಲಿ ಎಲ್ಲರೂ ಗೈರುಹಾಜರು. ಆದರೆ ತೆರೆಯ ಮುಂದೆ ಕುಳಿತವರು ತಮ್ಮ ಹೆಸರನ್ನು ತಮ್ಮ ಕಿವಿಯಿಂದಲೇ ಕೇಳಬಹುದಿತ್ತು. ಈಗ ಸಭಾಂಗಣಗಳು ಮತ್ತೆ ತೆರೆದಿವೆ. ಅಡುಗೆಮನೆ ಅಲ್ಲಿಂದ ಹತ್ತು ಹೆಜ್ಜೆ ದೂರ. ಕಿರೀಟ ಧರಿಸಿದವರು ಅಷ್ಟು ನಡೆದು ಹೋದರೆ ಸಾಕು, ಒಲೆಯ ಉರಿಯನ್ನು ಒಂದೆರಡು ನಿಮಿಷ ತಗ್ಗಿಸಿದರಾಯಿತು.